ಹೆನ್ರಿ ಜಾನ್ ರೌಸ್

ಹೆನ್ರಿ ಜಾನ್ ರೌಸ್ (ಜನವರಿ 23, 1795 – ಜೂನ್ 19, 1877) ಇಂಗ್ಲೆಂಡಿನ ನೌಕಾಧಿಕಾರಿ, ರಾಜಕಾರಣಿ ಹಾಗೂ ಕುದುರೆ ಪಂದ್ಯಗಳ ಆಡಳಿತಗಾರ. ಅಡ್ಮಿರಲ್ ರೌಸ್ ಎಂದೇ ಪ್ರಸಿದ್ಧ. ಬೇರೆ ಬೇರೆ ವಯಸ್ಸಿನ ಕುದುರೆಗಳು ಒಂದೇ ಪಂದ್ಯದಲ್ಲಿ ಓಡುವಾಗ ಎಳೆಯ ಕುದುರೆಗೆ ಎಷ್ಟು ತೂಕದ ರಿಯಾಯಿತಿ ಸಲ್ಲಬೇಕೆಂಬುದನ್ನು ವ್ಯವಸ್ಥಿತ ಪಟ್ಟಿಯಾಗಿ ರೂಪಿಸಿದ್ದು ಈತನ ಮುಖ್ಯ ಸಾಧನೆ.

ಜೀವನ

ರೌಸ್, ಸ್ಟ್ರಾಡ್‌ಬ್ರೋಕ್‌ನ ಮೊದಲನೆಯ ಅರ್ಲ್ ಜಾನ್ ರೌಸ್‌ನ ಮಗ. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿ 1808ರಲ್ಲಿ ನೌಕಾಪಡೆ ಸೇರಿದ. ನೆಪೋಲಿಯನ್ನನ ವಿರುದ್ಧದ ಯುದ್ಧಗಳಲ್ಲಿ ಕ್ಯಾಪ್ಟನ್ ವಿಲಿಯಂ ಹೋಸ್ಟ್‌ನ ಕೈಕೆಳಗೆ ಏಡ್ರಿಯಾಟಿಕ್ ಸಮುದ್ರದಲ್ಲಿ ಸೇವೆ ಸಲ್ಲಿಸಿದ. ರೇನ್‌ಬೋ ಎಂಬ ಹಡಗಿನ ಕ್ಯಾಪ್ಟನ್ ಆಗಿದ್ದಾಗ, 1828ರಲ್ಲಿ, ಆಸ್ಟ್ರೇಲಿಯದ ಪೂರ್ವ ತೀರದಲ್ಲಿ ರಿಚ್ಮಂಡ್ ನದಿಯನ್ನು ಗುರುತಿಸಿ ಹೆಸರಿಟ್ಟ. 1835ರಲ್ಲಿ ಕೆನಡದಿಂದ ಹಿಂದಿರುಗುವಾಗ ಈತನ ಪೀಕ್ ಎಂಬ ಹಡಗು ಲ್ಯಾಬ್ರಡಾರ್ ತೀರದ ಬಂಡೆಗಳಿಗೆ ಬಡಿಯಿತು. ತಳ ಒಡೆದು ನೀರು ನುಗ್ಗುತ್ತಿದ್ದ, ಚುಕ್ಕಾಣಿ ಹಾಳಾಗಿದ್ದ ಆ ಹಡಗನ್ನು ರೌಸ್ ಅಟ್ಲಾಂಟಿಕ್ ಸಾಗರ ದಾಟಿಸಿ ಇಂಗ್ಲೆಂಡಿಗೆ ತಲಪಿಸಿದ. ಅಪಘಾತದ ಬಗ್ಗೆ ಸೈನಿಕ ನ್ಯಾಯಾಲಯದ ವಿಚಾರಣೆ ನಡೆದು ನಿರ್ದೋಷಿಯೆಂದು ತೀರ್ಮಾನವಾಯಿತು. ಅನಂತರ ಸಮುದ್ರ ಸೇವೆಯಿಂದ ದೂರವಾದ. ಅಡ್ಮಿರಲ್ ಪದವಿ ಬಂದದ್ದು ಮುಂದೆ, ದಡದಲ್ಲಿದ್ದಾಗ. 1841ರಲ್ಲಿ ವೆಸ್ಟ್‌ಮಿನ್‌ಸ್ಟರ್ ಕ್ಷೇತ್ರದಿಂದ ಸಂಸತ್ತಿಗೆ ಆಯ್ಕೆಯಾಗಿದ್ದ.

ಕುದುರೆ ಪಂದ್ಯ

1821ರಿಂದ ಜಾಕಿ ಕ್ಲಬ್ಬಿನ ಸದಸ್ಯನಾಗಿದ್ದ ರೌಸ್ 1838ರಲ್ಲಿ ಅದರ ಸ್ಟ್ಯೂವರ್ಡ್ ಆದ. 1850ರಲ್ಲಿ ಕುದುರೆ ಪಂದ್ಯದ ನಿಯಮ ಮತ್ತು ಪದ್ಧತಿಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ. 1855ರಲ್ಲಿ ಪಂದ್ಯಗಳಿಗೆ ತೂಕ ನಿಗದಿಪಡಿಸುವ ಸಾರ್ವಜನಿಕ ಹ್ಯಾಂಡಿಕ್ಯಾಪರ್ ಆಗಿ ನೇಮಕಗೊಂಡ. ಪಂದ್ಯಗಳನ್ನು ಸ್ವತಃ ನೋಡಿ ಪ್ರತಿ ಕುದುರೆಯ ಸಾಮರ್ಥ್ಯವನ್ನು ಬರೆದಿಟ್ಟುಕೊಳ್ಳುತ್ತಿದ್ದ. ದೊಡ್ಡ ಮೊತ್ತದ ಬಾಜಿಗಳನ್ನು ವಿರೋಧಿಸುತ್ತಿದ್ದವನು ಆ ಕೆಲಸಕ್ಕೆ ಬಂದದ್ದು ಮುಖ್ಯ ಸಂಗತಿ. ತೂಕ ನಿಗದಿಪಡಿಸುವವನ ಮೇಲೆ ನಂಬಿಕೆ ಇಲ್ಲದಿದ್ದರೆ ಹ್ಯಾಂಡಿಕ್ಯಾಪ್ ಪಂದ್ಯಕ್ಕೆ ಅರ್ಥವಿಲ್ಲ.

ವಯಸ್ಸು ಮತ್ತು ತೂಕ

ವಯಸ್ಸಿಗೆ ತಕ್ಕಂತೆ ತೂಕ ಹೊರಿಸುವ ರೂಢಿ ರೌಸ್‌ಗಿಂತ ಹಳೆಯದು. ಹದಿನೆಂಟನೆಯ ಶತಮಾನದ ರಾಜಬಹುಮಾನದ ಪಂದ್ಯಗಳಲ್ಲೂ ಅದಿತ್ತು. ಅದನ್ನು ವಯಸ್ಸು, ಓಟದ ದೂರ, ವರ್ಷದ ತಿಂಗಳು ಇವುಗಳಿಗೆ ಜೋಡಿಸಿ ಲೆಕ್ಕಕ್ಕೆ ತಂದವನು ರೌಸ್. ಮೂರು ವರ್ಷದ ಕುದುರೆಯ ಮೈ ಇನ್ನೂ ಬೆಳೆಯುತ್ತಿರುತ್ತದೆ. ಆದ್ದರಿಂದ ವಸಂತದಲ್ಲಿ ಅದಕ್ಕೆ ಹೆಚ್ಚು ರಿಯಾಯಿತಿ, ಶರತ್ಕಾಲದ ಹೊತ್ತಿಗೆ ಕಡಿಮೆ. ಓಟ ದೀರ್ಘವಾದಷ್ಟೂ ರಿಯಾಯಿತಿ ಹೆಚ್ಚುತ್ತದೆ. ಉತ್ತರ ಗೋಳಾರ್ಧದಲ್ಲಿ ಎಲ್ಲ ಪಂದ್ಯದ ಕುದುರೆಗಳ ವಯಸ್ಸನ್ನೂ ಜನವರಿ 1ರಿಂದಲೇ ಎಣಿಸುವುದರಿಂದ, ಮೇ ತಿಂಗಳಿನಲ್ಲಿ ಹುಟ್ಟಿದ ಮರಿಗೂ ಫೆಬ್ರವರಿಯಲ್ಲಿ ಹುಟ್ಟಿದ ಮರಿಗೂ ಪಟ್ಟಿಯಲ್ಲಿ ಭೇದವಿಲ್ಲ. ಈ ಕೊರತೆ ಇಂದಿಗೂ ಉಳಿದಿದೆ.

ರೌಸ್‌ನ ಲೆಕ್ಕಕ್ಕೆ ಅತ್ಯಂತ ಕಠಿಣ ಪರೀಕ್ಷೆ ಎದುರಾದದ್ದು 1851ರ ಮೇ 13ರಂದು ಯಾರ್ಕ್‌ನಲ್ಲಿ. ಅದುವರೆಗೆ ಸೋಲನ್ನೇ ಕಾಣದಿದ್ದ ಫ್ಲೈಯಿಂಗ್ ಡಚ್‌ಮನ್ ಎಂಬ ಕುದುರೆಯನ್ನು ಹಿಂದಿನ ವರ್ಷ ಡಾನ್‌ಕಾಸ್ಟರ್ ಕಪ್ಪಿನಲ್ಲಿ ಅದಕ್ಕಿಂತ ಒಂದು ವರ್ಷ ಚಿಕ್ಕದಾದ ವೋಲ್ಟಿಜರ್ ಸೋಲಿಸಿತ್ತು. ಎರಡೂ ಡರ್ಬಿ ಮತ್ತು ಸೇಂಟ್ ಲೆಜರ್ ಗೆದ್ದವು. ಗೆಲುವು ಕುದುರೆಯದೋ, ಎಳೆಯ ವಯಸ್ಸಿಗೆ ದೊರೆತ ತೂಕದ ರಿಯಾಯಿತಿಯದೋ ಎಂಬ ಪ್ರಶ್ನೆ ಉಳಿಯಿತು. ಮರುಪಂದ್ಯಕ್ಕೆ ತೂಕ ನಿಗದಿಪಡಿಸುವ ಹೊಣೆ ರೌಸ್‌ಗೆ ಬಂದಿತು. ಐದು ವರ್ಷದ ಫ್ಲೈಯಿಂಗ್ ಡಚ್‌ಮನ್ 8 ಸ್ಟೋನ್ 8½ ಪೌಂಡ್, ನಾಲ್ಕು ವರ್ಷದ ವೋಲ್ಟಿಜರ್ 8 ಸ್ಟೋನ್ ಹೊರಬೇಕೆಂದು ಗೊತ್ತುಮಾಡಿದ. ವ್ಯತ್ಯಾಸ 8½ ಪೌಂಡ್, ಅಂದರೆ ಸುಮಾರು 3.9 ಕಿಲೋಗ್ರಾಂ. ಎರಡು ಮೈಲಿಗಳ ಓಟದ ಕೊನೆಯಲ್ಲಿ ಫ್ಲೈಯಿಂಗ್ ಡಚ್‌ಮನ್ ಸುಮಾರು ಒಂದು ಕುದುರೆಯ ಉದ್ದದಷ್ಟು ಅಂತರದಿಂದ ಗೆದ್ದಿತು. ಅಷ್ಟು ದೂರ ಓಡಿದ ಮೇಲೆ ಉಳಿದ ಅಂತರ ಅಷ್ಟೇ ಆದದ್ದರಿಂದ ರೌಸ್‌ನ ಅಂದಾಜಿಗೆ ಮನ್ನಣೆ ದೊರೆಯಿತು.

ವಿವಾದಗಳು

ರೌಸ್ ಹಟದ ಸ್ವಭಾವದವನು. 1868ರಲ್ಲಿ ಮಾರ್ಕ್ವೆಸ್ ಆಫ್ ಹೇಸ್ಟಿಂಗ್ಸ್‌ನ ಕುದುರೆಗಳ ವ್ಯವಹಾರವನ್ನು ಟೀಕಿಸಿ ಟೈಮ್ಸ್ ಪತ್ರಿಕೆಗೆ ಪತ್ರ ಬರೆದ; ತರಬೇತುದಾರ ಜಾನ್ ಡೇ ಮಾನಹಾನಿ ಮೊಕದ್ದಮೆ ಹೂಡಿದ ಮೇಲೆ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. ಎರಡು ವರ್ಷದ ಕುದುರೆಗಳ ಓಟಕ್ಕೆ ಮಿತಿ ಹಾಕಬೇಕೆಂದು ಸರ್ ಜೋಸೆಫ್ ಹಾಲಿ ಒತ್ತಾಯಿಸಿದಾಗ ರೌಸ್ ಅದನ್ನು ವಿರೋಧಿಸಿದ. ಎಳೆಯ ಕುದುರೆಯ ಬಲಾಬಲವನ್ನು ಪೌಂಡುಗಳಲ್ಲಿ ಅಳೆದವನೇ ಅದನ್ನು ಬೇಗ ಓಡಿಸುವುದರ ಪರ ನಿಂತದ್ದು ವಿಚಿತ್ರವೆನಿಸಬಹುದು.

ನಂತರದ ಪ್ರಭಾವ

ರೌಸ್ 1877ರಲ್ಲಿ ಲಂಡನ್ನಿನಲ್ಲಿ ನಿಧನನಾದ. ಮಕ್ಕಳಿರಲಿಲ್ಲ. ನ್ಯೂಮಾರ್ಕೆಟ್‌ನಲ್ಲಿ ಈತನ ಹೆಸರಿನಲ್ಲಿ ಸ್ಮಾರಕ ಆಸ್ಪತ್ರೆ ಸ್ಥಾಪನೆಯಾಯಿತು. ಈತನ ಪಟ್ಟಿ ಹಲವು ಸಲ ಪರಿಷ್ಕೃತವಾಗಿದ್ದರೂ ತತ್ತ್ವ ಬದಲಾಗಿಲ್ಲ. ಎಳೆಯ ಕುದುರೆಗಳಿಗೆ ಅತಿಯಾದ ಅನುಕೂಲ ದೊರೆಯುತ್ತಿದೆಯೆಂಬ ವಾದ ಉನ್ನತ ದರ್ಜೆಯ ಪಂದ್ಯಗಳಲ್ಲಿ ಮರಳಿ ಮರಳಿ ಏಳುತ್ತದೆ. 2017ರಲ್ಲಿ ಯುರೋಪಿನ ಪಟ್ಟಿಯನ್ನು ಪರಿಷ್ಕರಿಸಿ ರಿಯಾಯಿತಿಯನ್ನು ತುಸು ಇಳಿಸಲಾಯಿತು. ಫ್ರಾನ್ಸಿನ ಆರ್ಕ್ ದ ಟ್ರಿಯೋಂಫ್ ಪಂದ್ಯದಲ್ಲಿ ಮೂರು ವರ್ಷದ ಗಂಡು ಕುದುರೆ ಹೊರುವ ತೂಕ 56ರಿಂದ 56.5 ಕಿಲೋಗ್ರಾಂಗೆ ಏರಿತು. ಅದಕ್ಕಿಂತ ದೊಡ್ಡ ಗಂಡು ಕುದುರೆಗಳ ತೂಕ 59.5 ಕಿಲೋಗ್ರಾಂ ಆಗಿಯೇ ಉಳಿಯಿತು.