ಕೇಳಿಸಿಕೊಂಡ ಕತೆ, ಬರೆದುಕೊಂಡ ಪಾಠ: ಲಫ್ಕಾಡಿಯೊ ಹರ್ನ್‌ನ ಜಪಾನು ವಾಸ

ಇಂಗ್ಲಿಷು ಏಷ್ಯಾದ ಎಲ್ಲ ದೇಶಗಳಿಗೂ ಒಂದೇ ದಾರಿಯಲ್ಲಿ ಬರಲಿಲ್ಲ. ಭಾರತದಲ್ಲಿ ಅದು ಆಳುವವರ ಭಾಷೆಯಾಗಿ ಶಾಲೆಯನ್ನು ಹೊಕ್ಕಿತು. 1868ರಲ್ಲಿ ಆರಂಭವಾದ ಮೇಜಿ ಯುಗದ ಜಪಾನಿನಲ್ಲಾದರೋ ಸರಕಾರವೇ ಸಂಬಳ ಕೊಟ್ಟು ಪರದೇಶದ ಅಧ್ಯಾಪಕರನ್ನು ಕರಾರಿನ ಮೇಲೆ ನೇಮಿಸಿಕೊಳ್ಳುತ್ತಿತ್ತು. ಹೀಗೆ ನೇಮಕಗೊಂಡವರಲ್ಲಿ ಲಫ್ಕಾಡಿಯೊ ಹರ್ನ್ ಭಿನ್ನನಾಗಿ ಕಾಣುವುದು, ಕಲಿಸಲು ಹೋದವನು ಕೊನೆಯವರೆಗೂ ಕೇಳುಗನಾಗಿ ಉಳಿದದ್ದರಿಂದ.

ಹರ್ನ್ ಹುಟ್ಟಿದ್ದು 1850ರ ಜೂನ್ 27ರಂದು, ಅಯೋನಿಯನ್ ಸಮುದ್ರದ ಲೆಫ್ಕಾಡಾ ದ್ವೀಪದಲ್ಲಿ. ಆ ದ್ವೀಪದಿಂದಲೇ ಅವನ ಹೆಸರು ಬಂದಿತು. ತಂದೆ ಬ್ರಿಟಿಷ್ ಸೇನೆಯಲ್ಲಿದ್ದ ಐರಿಷ್ ವೈದ್ಯ, ತಾಯಿ ಗ್ರೀಕ್ ಮಹಿಳೆ. ಎರಡನೆಯ ವಯಸ್ಸಿನಲ್ಲಿ ಡಬ್ಲಿನ್ ಸೇರಿದ ಮಗುವಿಗೆ ಬೇಗನೆ ತಾಯಿಯ ಸಂಗ ತಪ್ಪಿತು. ಸಾಕಿದವಳು ತಂದೆಯ ಕಡೆಯ ವೃದ್ಧ ಬಂಧು. ಇಂಗ್ಲೆಂಡಿನ ಶಾಲೆಯೊಂದರಲ್ಲಿ ಓದುತ್ತಿದ್ದಾಗ ಎಡಗಣ್ಣಿನ ದೃಷ್ಟಿ ಹೋಯಿತು. ಪದವಿಯಿಲ್ಲದೆ, ಹಣವಿಲ್ಲದೆ 1869ರಲ್ಲಿ ಅವನು ಅಮೆರಿಕಕ್ಕೆ ಹೋದನು. ಸಿನ್ಸಿನಾಟಿ ನಗರದಲ್ಲಿ ಪತ್ರಕರ್ತನಾಗಿ ಹೆಸರು ಮಾಡಿದರೂ, ಆಫ್ರಿಕನ್ ಮೂಲದ ಹೆಣ್ಣನ್ನು ಅಲ್ಲಿನ ಕಾನೂನಿಗೆ ವಿರುದ್ಧವಾಗಿ 1874ರಲ್ಲಿ ಮದುವೆಯಾದದ್ದು ಉದ್ಯೋಗಕ್ಕೆ ಮುಳುವಾಯಿತು. ಆ ದಾಂಪತ್ಯವೂ ಉಳಿಯಲಿಲ್ಲ. ಮುಂದೆ ನ್ಯೂ ಆರ್ಲಿಯನ್ಸಿನಲ್ಲಿದ್ದಾಗ ಕ್ರಿಯೋಲ್ ಗಾದೆಗಳನ್ನು ಸಂಗ್ರಹಿಸಿ 1885ರಲ್ಲಿ ಪ್ರಕಟಿಸಿದನು. ಜನರ ಬಾಯಿಮಾತಿಗೆ ಕಿವಿಗೊಡುವ ಅಭ್ಯಾಸ ಜಪಾನಿಗೆ ಹೋಗುವ ಮೊದಲೇ ಅವನಲ್ಲಿ ಬೆಳೆದಿತ್ತೆಂಬುದು ಇಲ್ಲಿ ಗಮನಾರ್ಹ.

1890ರ ಏಪ್ರಿಲ್‌ನಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಲೇಖನ ಬರೆಯುವ ಒಪ್ಪಂದದ ಮೇಲೆ ಹರ್ನ್ ಯೊಕೊಹಾಮಾಕ್ಕೆ ಬಂದಿಳಿದನು. ಒಪ್ಪಂದದ ಷರತ್ತುಗಳ ಬಗ್ಗೆ ಮನಸ್ತಾಪ ಹುಟ್ಟಿ ಅದನ್ನು ತೊರೆದದ್ದರಿಂದ, ನಲವತ್ತರ ವಯಸ್ಸಿನಲ್ಲಿ, ಭಾಷೆ ತಿಳಿಯದ ನಾಡಿನಲ್ಲಿ ನಿರುದ್ಯೋಗಿಯಾದನು. ಜಪಾನಿ ಭಾಷೆಯ ವಿದ್ವಾಂಸ ಬೇಸಿಲ್ ಹಾಲ್ ಚೇಂಬರ್ಲೇನನ ನೆರವಿನಿಂದ ಇಝುಮೊ ಪ್ರಾಂತದ ಮತ್ಸುಯೆ ಎಂಬ ಹಳೆಯ ಕೋಟೆಯೂರಿನ ಮಾಧ್ಯಮಿಕ ಶಾಲೆಯಲ್ಲಿ, ತಿಂಗಳಿಗೆ 100 ಯೆನ್ ಸಂಬಳದ ಇಂಗ್ಲಿಷ್ ಅಧ್ಯಾಪಕ ಹುದ್ದೆ ದೊರೆಯಿತು. ಅಲ್ಲಿನ ಸಹೋದ್ಯೋಗಿ ನಿಶಿದಾ ಸೆಂತಾರೊ ಅವನಿಗೆ ದುಭಾಷಿಯೂ ಆಪ್ತನೂ ಆದನು. ವಿದ್ಯಾರ್ಥಿಗಳು ಬರೆದು ತಂದ ಇಂಗ್ಲಿಷ್ ಪ್ರಬಂಧಗಳಲ್ಲಿ ಹರ್ನ್ ವ್ಯಾಕರಣದ ತಪ್ಪುಗಳನ್ನಷ್ಟೇ ನೋಡಲಿಲ್ಲ. ಅವರ ಮನೆಮಾತು, ನಂಬಿಕೆ, ಭಯಗಳನ್ನು ಓದಿಕೊಂಡನು. 1894ರಲ್ಲಿ ಹೊರಬಂದ ಅವನ ಮೊದಲ ಜಪಾನು ಗ್ರಂಥದಲ್ಲಿ ಈ ಪ್ರಬಂಧಗಳಿಗೆ ದೊಡ್ಡ ಸ್ಥಾನವಿದೆ.

ಮತ್ಸುಯೆಯಲ್ಲಿಯೇ ಅವನು ಬಡತನಕ್ಕೆ ಬಿದ್ದಿದ್ದ ಸಮುರಾಯ್ ಮನೆತನದ ಕೊಯಿಝುಮಿ ಸೆತ್ಸುವಿನ ಕೈಹಿಡಿದನು. ಆಕೆಯ ಬಂಧುಗಳ ಹೊಣೆಯೂ ಅವನ ಮೇಲೆ ಬಿದ್ದಿತು. ಇಮ್ಮಡಿ ಸಂಬಳ ದೊರೆತದ್ದು, ಮತ್ಸುಯೆಯ ಚಳಿ ತಡೆಯಲಾಗದ್ದು, ಎರಡೂ ಸೇರಿ ಅವನನ್ನು 1891ರ ನವೆಂಬರ್‌ನಲ್ಲಿ ಕುಮಾಮೊಟೊಗೆ ಒಯ್ದವು. 1893ರಲ್ಲಿ ಹಿರಿಯ ಮಗ ಕಝುವೊ ಹುಟ್ಟಿದಾಗ ಕಾನೂನಿನ ಪ್ರಶ್ನೆ ಎದುರಾಯಿತು. ಬ್ರಿಟಿಷ್ ಪ್ರಜೆಯ ಕುಟುಂಬವೆಂದು ನೋಂದಾಯಿಸಿದರೆ ಹೆಂಡತಿ ಮಕ್ಕಳು ಪರದೇಶಿಗಳಾಗಿ, ತಮ್ಮ ನೆಲದಲ್ಲಿಯೇ ವಾಸದ ಮತ್ತು ಆಸ್ತಿಯ ಹಕ್ಕನ್ನು ಕಳೆದುಕೊಳ್ಳಬೇಕಿತ್ತು. ತನ್ನ ತಾಯಿ ಗಂಡನ ನಾಡಿನಲ್ಲಿ ಪರಕೀಯಳಾಗಿ ಹಿಂದಿರುಗಿದ್ದನ್ನು ಬಲ್ಲವನಿಗೆ ಇದು ಕಾಗದದ ಮಾತಾಗಿರಲಿಲ್ಲ. 1896ರಲ್ಲಿ ಅವನು ಜಪಾನಿನ ಪ್ರಜೆಯಾಗಿ ಕೊಯಿಝುಮಿ ಯಾಕುಮೊ ಎಂಬ ಹೆಸರನ್ನು ಪಡೆದನು. ಮನೆತನದ ಹೆಸರು ಹೆಂಡತಿಯದು. ಎಂಟು ಮೋಡಗಳೆಂಬ ಅರ್ಥದ ಯಾಕುಮೊ, ಇಝುಮೊ ನಾಡಿನ ಪ್ರಾಚೀನ ಕಾವ್ಯವಿಶೇಷಣ.

ಅದೇ ವರ್ಷ ಟೋಕಿಯೊ ಸಾಮ್ರಾಜ್ಯ ವಿಶ್ವವಿದ್ಯಾಲಯ ಅವನನ್ನು ಇಂಗ್ಲಿಷ್ ಸಾಹಿತ್ಯ ಬೋಧಿಸಲು ನೇಮಿಸಿತು. ಹರ್ನ್ ಸರಳ ಇಂಗ್ಲಿಷಿನಲ್ಲಿ, ನಿಧಾನವಾಗಿ, ಲಿಖಿತ ಉಪನ್ಯಾಸವಿಲ್ಲದೆ ಮಾತನಾಡುತ್ತಿದ್ದನು. ವಿದ್ಯಾರ್ಥಿಗಳು ಅದನ್ನು ಬಹುಮಟ್ಟಿಗೆ ಯಥಾವತ್ತಾಗಿ ಬರೆದುಕೊಳ್ಳುತ್ತಿದ್ದರು. 1903ರಲ್ಲಿ ಅವನ ಸೇವೆ ಕೊನೆಗೊಂಡಾಗ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಆ ಸ್ಥಾನಕ್ಕೆ ಬಂದವರಲ್ಲಿ ಒಬ್ಬನು ಲಂಡನ್ನಿನಲ್ಲಿ ಎರಡು ವರ್ಷ ಏಕಾಂಗಿಯಾಗಿ ಓದಿ ಹಿಂದಿರುಗಿದ್ದ ನಾತ್ಸುಮೆ ಸೊಸೆಕಿ, ಮುಂದೆ ಜಪಾನಿನ ಶ್ರೇಷ್ಠ ಕಾದಂಬರಿಕಾರನೆನಿಸಿದವನು. ಪರದೇಶದ ಅಧ್ಯಾಪಕರ ಜಾಗದಲ್ಲಿ ನಾಡಿನವರನ್ನೇ ತರುವ ಮೇಜಿ ಧೋರಣೆಗೆ, ಪ್ರಜೆಯಾಗಿದ್ದರೂ ಹರ್ನ್ ಹೊರಗಿನವನಾಗಿಯೇ ಕಂಡನೆನ್ನಬಹುದು.

ಹದಿನಾಲ್ಕು ವರ್ಷ ಜಪಾನಿನಲ್ಲಿದ್ದರೂ ಅವನು ಅಲ್ಲಿನ ಸಾಹಿತ್ಯವನ್ನು ಮೂಲದಲ್ಲಿ ಓದುವಷ್ಟು ಭಾಷೆಯನ್ನು ಕಲಿಯಲಿಲ್ಲ. ವಿಭಕ್ತಿಸೂಚಕಗಳನ್ನು ಬಿಟ್ಟ ಒಡಕು ಜಪಾನಿಯೊಂದು ಗಂಡಹೆಂಡಿರ ನಡುವೆ ಬಳಕೆಯಲ್ಲಿತ್ತು. ಸೆತ್ಸು ಹಳೆಯ ಪುಸ್ತಕಗಳನ್ನು ಹುಡುಕಿ ಓದಿ, ರಾತ್ರಿ ದೀಪ ತಗ್ಗಿಸಿ ಕತೆ ಹೇಳುತ್ತಿದ್ದಳು. ಪುಸ್ತಕ ನೋಡದೆ ಅವಳದೇ ಮಾತಿನಲ್ಲಿ ಹೇಳಬೇಕೆಂಬುದು ಅವನ ಹಟ. ಕುರುಡು ಗಾಯಕ ಹೋಯಿಚಿಯ ಕತೆಯಿರುವ, 1904ರಲ್ಲಿ ಪ್ರಕಟವಾದ ಕ್ವೈದಾನ್ ರೂಪುಗೊಂಡದ್ದು ಇಂಥ ರಾತ್ರಿಗಳಲ್ಲಿ. ಅದೇ ವರ್ಷ ಸೆಪ್ಟೆಂಬರ್ 26ರಂದು ಹರ್ನ್ ಹೃದಯಾಘಾತದಿಂದ ತೀರಿಕೊಂಡನು. ಮುಖಪುಟದಲ್ಲಿ ಇದ್ದದ್ದು ಅವನೊಬ್ಬನ ಹೆಸರು. ಸೆತ್ಸುವಿನ ಪಾಲು ಎಷ್ಟೆಂಬುದು 1914ರಲ್ಲಿ ಪ್ರಕಟವಾದ ಅವಳ ನೆನಪುಗಳಿಂದ ವಿಶದವಾಗಿ ತಿಳಿಯಿತು.

ಹರ್ನ್ ಕಂಡ ಜಪಾನು ಮರೆಯಾಗುತ್ತಿದ್ದ ಹಳೆಯ ಜಪಾನೆಂದೂ, ಅದರಲ್ಲಿ ಕಲ್ಪನೆಯ ಬಣ್ಣ ಹೆಚ್ಚೆಂದೂ ಆಕ್ಷೇಪಗಳಿವೆ. ಅವು ನಿರಾಧಾರವಲ್ಲ. ಆದರೆ ಅವನ ಟೋಕಿಯೊ ಉಪನ್ಯಾಸಗಳೂ ವಿದ್ಯಾರ್ಥಿಗಳ ಟಿಪ್ಪಣಿಗಳಿಂದ ಸಂಪಾದನೆಗೊಂಡು 1915ರಿಂದ ಗ್ರಂಥಗಳಾಗಿ ಬಂದವು. ಹೆಂಡತಿ ಹೇಳಿದ್ದನ್ನು ಅವನು ಬರೆದನು. ಅವನು ಹೇಳಿದ್ದನ್ನು ವಿದ್ಯಾರ್ಥಿಗಳು ಬರೆದರು. ಹರ್ನ್‌ನ ಕೃತಿಗಳನ್ನು ಅಧ್ಯಯನ ಮಾಡುವವರು ಈ ಎರಡು ಕಿವಿಗಳ ಲೆಕ್ಕವನ್ನೂ ಇಡಬೇಕಾಗುತ್ತದೆ.