ಕಡಲ ದಂಡೆಯ ಪರದೇಶಿ: ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆ

ವಿಜಯಪುರ ಪಟ್ಟಣದಿಂದಲೂ ತಿಕೋಟಾ, ಬಬಲೇಶ್ವರ ಮುಂತಾದ ಊರುಗಳಿಂದಲೂ ಮಳೆ ತಪ್ಪಿದ ವರುಷಗಳಲ್ಲಿ ಅನೇಕರು ಕೂಲಿ ಹುಡುಕಿಕೊಂಡು ಗೋವೆಗೂ ಮಂಗಳೂರಿಗೂ ಹೋಗುವದನ್ನು ವಾಚಕರು ಬಲ್ಲರು. ಕರಿಯ ಭೂಮಿಯಲ್ಲಿ ಜೋಳದ ರೊಟ್ಟಿಯುಂಡು ಬೆಳೆದವರು ಕಡಲ ದಂಡೆಯಲ್ಲಿ ಇಳಿದಾಗ, ಅಲ್ಲಿಯ ಮಳೆ ನಿಲ್ಲುವದಿಲ್ಲ. ಕುಚ್ಚಲಕ್ಕಿಯ ಗಂಜಿ ಬಾಯಿಗೆ ಹತ್ತುವದಿಲ್ಲ. ಬೀದಿಯ ತುಳು ಕೊಂಕಣಿ ಮಾತುಗಳು ತಿಳಿಯುವದಿಲ್ಲ. ಇಂಥ ಕಷ್ಟದಲ್ಲಿರುವವರನ್ನೂ ಅವರನ್ನು ಕಳುಹಿಸಿ ಮನೆಯಲ್ಲಿ ಕಾದಿರುವವರನ್ನೂ ನೆನಸಿ, ಅದೇ ದಂಡೆಗೆ ಬಹು ದೂರದಿಂದ ಬಂದು ನೆಲೆಗೊಂಡ ಒಬ್ಬರ ಚರಿತ್ರೆಯನ್ನು ನಾವು ಈ ತಿಂಗಳು ಬರೆಯುತ್ತೇವೆ.

ಹೆರ್ಮನ್ ಮೋಗ್ಲಿಂಗ್ ಅಯ್ಯನವರು 1811ನೆಯ ಇಸವಿಯಲ್ಲಿ ಜರ್ಮನಿ ದೇಶದ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಊರಲ್ಲಿ ಹುಟ್ಟಿದರು. ಟ್ಯೂಬಿಂಗನ್ ವಿದ್ಯಾಪೀಠದಲ್ಲಿ ದೇವಜ್ಞಾನಶಾಸ್ತ್ರವನ್ನು ಕಲಿತ ಬಳಿಕ ಬಾಸೆಲ್ ಮಿಶನ್ನಿಗೆ ಸೇರಿ, 1836ರಲ್ಲಿ ಮಂಗಳೂರಿಗೆ ಬಂದರು. ಆ ಮಿಶನ್ನಿನ ಮೊದಲನೆಯ ಮೂವರು ಅಲ್ಲಿಗೆ ಬಂದು ಆಗ ಎರಡು ವರುಷ ಮಾತ್ರವಾಗಿತ್ತು. ಸುಯೆಜ್ ಕಾಲುವೆಯು ತೆರೆದದ್ದು 1869ರಲ್ಲಾದ್ದರಿಂದ, ಮನೆಗೆ ಬರೆದ ಕಾಗದಕ್ಕೆ ಉತ್ತರ ಬರುವದಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ತಂದೆತಾಯಿಗಳ ಕ್ಷೇಮವನ್ನು ಕೇಳುವದಾದರೂ ಹೀಗೆ ಕಾಯುವವನಿಗೆ ಮಂಗಳೂರು ಲೋಕದ ಒಂದು ಮೂಲೆಯಾಗಿಯೇ ತೋರಿರಬೇಕು.

ಅವರು ಬಂದ ಕೆಲವೇ ತಿಂಗಳುಗಳಲ್ಲಿ, 1837ರ ಏಪ್ರಿಲಿನಲ್ಲಿ, ಕಲ್ಯಾಣಪ್ಪನ ದಂಡು ಘಟ್ಟವಿಳಿದು ಬಂದು ಪಟ್ಟಣವನ್ನು ಸುಮಾರು ಎರಡು ವಾರ ವಶಮಾಡಿಕೊಂಡಿತು. ಇಂಗ್ಲಿಷ್ ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಓಡಿದರು. ಹೊಸಬನಿಗೆ ಇಂಥ ಆರಂಭವು ಸಣ್ಣ ಪರೀಕ್ಷೆಯಲ್ಲ. ಆದಾಗ್ಯೂ ಮೋಗ್ಲಿಂಗರು ಹಿಂದಿರುಗಲಿಲ್ಲ. ಮೊದಲ ವರುಷಗಳಲ್ಲಿ ಘಟ್ಟ ಹತ್ತಿ ಧಾರವಾಡ ಹುಬ್ಬಳ್ಳಿಗಳ ಕಡೆಯಲ್ಲಿಯೂ ಕೆಲಸಮಾಡಿ, ನಮ್ಮ ಬಯಲುಸೀಮೆಯ ಜನರ ನಡೆನುಡಿಗಳನ್ನು ಅರಿತುಕೊಂಡು, ತಿರಿಗಿ ಮಂಗಳೂರಿಗೆ ಇಳಿದರು.

ಪರದೇಶದಲ್ಲಿ ನೆಲೆಗೊಳ್ಳುವದಕ್ಕೆ ಎರಡು ದಾರಿಗಳುಂಟು. ತನ್ನ ಊರಿನ ಮೇಜು, ತನ್ನ ಊರಿನ ಊಟ, ತನ್ನ ಭಾಷೆಯವರ ಸಹವಾಸ, ಇವನ್ನೆಲ್ಲಾ ಸುತ್ತಲೂ ಗೋಡೆಯಂತೆ ಕಟ್ಟಿಕೊಂಡು ಬಾಳುವದು ಒಂದು. ಆ ಗೋಡೆಯನ್ನು ಬಿಟ್ಟು ಹೊರಗೆ ಬರುವದು ಮತ್ತೊಂದು. ಮೋಗ್ಲಿಂಗರು ಎರಡನೆಯದನ್ನು ಹಿಡಿದರು. ಉಪದೇಶಿಗಳಾಗತಕ್ಕ ಹುಡುಗರಿಗಾಗಿ ಅವರು ಶಾಲೆಯನ್ನು ನಡಿಸಿದಾಗ, ತಾವು ಬೇರೆ ಮನೆಯಲ್ಲಿದ್ದು ಪಾಠದ ಹೊತ್ತಿಗೆ ಮಾತ್ರ ಬರುವವರಾಗದೆ, ಹುಡುಗರ ಸಂಗಡಲೇ ವಾಸಿಸಿ, ಅವರು ಉಣ್ಣುವದನ್ನೇ ಉಂಡರು. ಹೀಗೆ ಕಲಿಸುವವರೇ ಕಲಿಯುವವರೂ ಆದರು. ಪುಸ್ತಕದಿಂದ ಬಾರದ ಕನ್ನಡವು ಎಲೆಯ ಮುಂದೆ ಕೂತಾಗ ಬರುತ್ತದೆಂಬದು ಹೊಸ ಊರಲ್ಲಿ ದುಡಿದವರೆಲ್ಲರಿಗೂ ತಿಳಿದದ್ದೇ.

ಊರನ್ನು ಅರಿತವನು ಊರಿಗೆ ಏನಾದರೂ ಕೊಡಬೇಕು. 1843ನೆಯ ಜುಲೈ 1ರಂದು ಮೋಗ್ಲಿಂಗರು ಮಂಗಳೂರ ಸಮಾಚಾರವೆಂಬ ಪತ್ರಿಕೆಯನ್ನು ಹೊರಡಿಸಿದರು. ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆ ಇದೇ. ಕಲ್ಲಚ್ಚಿನಲ್ಲಿ ಅಚ್ಚಾಗಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಈ ಪತ್ರಿಕೆಯ ಕ್ರಯವು ಒಂದು ದುಡ್ಡು. ಊರಿನ ವರ್ತಮಾನ, ಸರಕಾರದ ನಿರೂಪಗಳು, ದೂರ ರಾಜ್ಯಗಳ ಸುದ್ದಿ, ಕಥೆ ಇವೆಲ್ಲವೂ ಅದರಲ್ಲಿದ್ದವು. 1844ರಲ್ಲಿ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವೆಂಬ ಹೆಸರಿನಿಂದ ಅಚ್ಚಾಗಿ, ಬಹು ಕಾಲ ಬಾಳದೆ ನಿಂತುಹೋಯಿತು. ಆದರೂ ಜುಲೈ 1ನ್ನು ಕರ್ನಾಟಕದಲ್ಲಿ ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತಾರೆ.

ಇವರ ಬಾಳು ನೋವಿಲ್ಲದ್ದಾಗಿತ್ತೆಂದು ನಾವು ಹೇಳೆವು. ಇವರಿಂದ ಇತರರಿಗೆ ನೋವಾಗಲಿಲ್ಲವೆಂದೂ ಹೇಳೆವು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯೌವನಸ್ಥನು ದೀಕ್ಷಾಸ್ನಾನ ಹೊಂದಿದಾಗ ಪಟ್ಟಣದಲ್ಲಿ ದೊಡ್ಡ ಗಲಭೆಯೆದ್ದಿತು. ಒಂದು ಮನೆತನವು ಮಗನಿಂದ ಅಗಲಿದ ದುಃಖವನ್ನು ಹಗುರವಾಗಿ ಎಣಿಸಬಾರದು. ನಮ್ಮ ಸಭೆಗಳಲ್ಲಿ ಅಂಥ ಅಗಲಿಕೆಯನ್ನು ಅಜ್ಜಂದಿರ ಬಾಯಿಂದ ಕೇಳಿದವರು ಬಹಳ ಮಂದಿ ಇದ್ದಾರೆ. 1846ರಲ್ಲಿ ಮೋಗ್ಲಿಂಗರು ಆ ಯೌವನಸ್ಥನನ್ನು ತಾವೇ ಯೂರೋಪಿಗೆ ಕರಕೊಂಡು ಹೋದರು. ಈಗ ಪರದೇಶಿಯಾಗುವ ಸರದಿ ಕೌಂಡಿನ್ಯರದು. ಕಡಲ ಕಾವಿನಲ್ಲಿ ಬೆಳೆದ ಅವರು ಹಿಮ ಬೀಳುವ ಬಾಸೆಲ್ ನಗರದಲ್ಲಿ ಐದು ವರುಷವಿದ್ದು, 1851ರಲ್ಲಿ ಬೋಧಕರಾಗಿ ಹಿಂದಿರುಗಿದರು. ಹೊಸಬನ ಸಂಕಟವನ್ನು ಬಲ್ಲ ಒಬ್ಬ ಗೆಳೆಯನು ಅವರಿಗಿದ್ದದ್ದು ದೊಡ್ಡ ಉಪಕಾರವು.

1848ರಿಂದ 1853ರ ವರೆಗೆ ಮೋಗ್ಲಿಂಗರು ಕನ್ನಡದ ಹಳೆಯ ಗ್ರಂಥಗಳನ್ನು ಕೂಡಿಸಿ ಕಲ್ಲಚ್ಚಿನಲ್ಲಿ ಅಚ್ಚುಮಾಡಿಸಿದರು. ಕಾಸಾಮೇಜರ್ ಎಂಬ ನ್ಯಾಯಾಧೀಶರು ಇದಕ್ಕೆ ಹಣ ಕೊಟ್ಟರು. ಜೈಮಿನಿ ಭಾರತ, ದಾಸರ ಪದಗಳು, ಬಸವಪುರಾಣ ಇವುಗಳು ಆ ಮಾಲೆಯಲ್ಲಿದ್ದವು. ನಮ್ಮ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಚರಿತ್ರೆಯು ಕಡಲ ದಂಡೆಯಲ್ಲಿ ಒಬ್ಬ ಜರ್ಮನಿಯವರ ಕೈಯಿಂದ ಅಚ್ಚಾದದ್ದನ್ನು ವಾಚಕರು ಗಮನಿಸಬೇಕು. ತಮ್ಮ ನಂಬಿಕೆಯಲ್ಲದ ಗ್ರಂಥಗಳನ್ನು ಸಹ ಅವರು ಹೀಗೆ ಜೋಪಾನ ಮಾಡಿದರು. ಯಾಕಂದರೆ ನೆರೆಯವನು ಯಾವದನ್ನು ಪ್ರೀತಿಸುತ್ತಾನೋ ಅದನ್ನರಿಯದೆ ನೆರೆಯವನನ್ನು ಅರಿಯಲಾಗದು. ಈ ಕೆಲಸಕ್ಕಾಗಿ ಟ್ಯೂಬಿಂಗನ್ ವಿದ್ಯಾಪೀಠವು 1858ರಲ್ಲಿ ಅವರಿಗೆ ಗೌರವ ಡಾಕ್ಟರ್ ಪದವಿಯನ್ನು ಕೊಟ್ಟಿತು.

1853ರಿಂದ ಅವರು ಕೊಡಗಿನಲ್ಲಿ ಸೇವೆಮಾಡಿದರು. 1855ರಲ್ಲಿ ಕನ್ನಡ ಸತ್ಯವೇದದ ಕೆಲಸದಲ್ಲಿ ದುಡಿದ ಅವರ ಬಂಧು ವೈಗ್ಲೆ ಅಯ್ಯನವರು ತೀರಿಕೊಂಡರು. 1860ರಲ್ಲಿ ಪತ್ನಿಯ ಅಸ್ವಸ್ಥತೆಯ ನಿಮಿತ್ತ ಮೋಗ್ಲಿಂಗರು ಸ್ವದೇಶಕ್ಕೆ ಹೊರಟರು. ಇಪ್ಪತ್ತನಾಲ್ಕು ವರುಷದಲ್ಲಿ ತಮ್ಮದಾಗಿದ್ದ ದೇಶವನ್ನು ಬಿಡಬೇಕಾಯಿತು. 1881ರಲ್ಲಿ ಎಸ್ಲಿಂಗನ್ ಎಂಬ ಊರಲ್ಲಿ ಮರಣಹೊಂದಿದರು.

ಪ್ರಿಯ ವಾಚಕರೇ, ಮೋಗ್ಲಿಂಗರಿಗಿದ್ದ ವಿದ್ಯೆಯೂ ಮಿಶನ್ನಿನ ಆಧಾರವೂ ಕೂಲಿಗೆ ಹೋಗುವ ನಮ್ಮವರಿಗಿಲ್ಲವೆಂಬದು ನಿಜ. ಆದರೆ ನೆರೆಯವರ ಭಾಷೆಯಲ್ಲಿ ದಿನಕ್ಕೆ ಒಂದು ಮಾತು ಕಲಿಯುವದಕ್ಕೂ ಅವರ ಊಟವನ್ನು ಹಳಿಯದೆ ಉಣ್ಣುವದಕ್ಕೂ ಹಣ ಬೇಕಾಗಿಲ್ಲ. ಮಗನನ್ನು ಕಡಲ ಕಡೆಗೆ ಕಳುಹಿಸುವ ತಾಯಿಯು ರೊಟ್ಟಿಯ ಗಂಟಿನೊಂದಿಗೆ ಈ ಬುದ್ಧಿಯನ್ನೂ ಕಟ್ಟಿಕೊಡಲಿ. ನಮ್ಮ ಓಣಿಗೆ ಬೇರೆ ಸೀಮೆಯ ಕೂಲಿಯವನೊಬ್ಬನು ಬಂದಾಗ, ಅವನನ್ನು ನಮ್ಮ ಸಂಗಡ ಉಣ್ಣಲು ಕರೆಯುವದನ್ನು ನಾವೂ ಮರೆಯದಿರೋಣ.