ಜಗಲಿಯ ಮೇಲಿನ ಸ್ಲೇಟು

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಮಂಡಳಿಯ ಗೆಳೆಯರು ಕೇಳಿದಾಗ ನಾನು ಹಿಂಜರಿದೆ. ಈ ಶಾಲೆಯಿಂದ ಡಾಕ್ಟರು, ಇಂಜಿನಿಯರು ಆಗಿ ಹೋದವರಿದ್ದಾರೆ. ನಾನು ಇಲ್ಲಿಂದ ಮೊದಲ ಸಲ ಹೊರಗೆ ಹೋದದ್ದು ಎಸ್.ಎಸ್.ಎಲ್.ಸಿ.ಯಲ್ಲಿ ನಪಾಸಾಗಿ. ನೋಟೀಸ್ ಬೋರ್ಡಿನ ಮುಂದೆ ನಿಂತು ಮೇಲಿನಿಂದ ಕೆಳಕ್ಕೆ ಮೂರು ಸಲ ಹುಡುಕಿದರೂ ನನ್ನ ನಂಬರು ಸಿಗಲಿಲ್ಲ. ಇಂಗ್ಲಿಷ್ ಕೈಕೊಟ್ಟಿತ್ತು. ಅಂದು ಮುಂಬಾಗಿಲಿನಿಂದ ಮನೆಗೆ ಹೋಗುವ ಧೈರ್ಯವಾಗದೆ ಹಿತ್ತಲಿನಿಂದ ಒಳಗೆ ಹೋದೆ. ಅಪ್ಪ ಬೈಯಲಿಲ್ಲ. ಮರುದಿನ ಬೆಳಿಗ್ಗೆ ಎತ್ತಿನ ಹಗ್ಗ ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಹದಿನೈದು ದಿನ ನಾನು ಶಾಲೆಯ ದಾರಿಯಲ್ಲಿ ಕಾಲಿಡಲಿಲ್ಲ. ಆಗ ನಮ್ಮ ಗಣಿತದ ಮೇಷ್ಟ್ರು ಹೊಲದ ಬದುವಿನವರೆಗೆ ನಡೆದು ಬಂದರು. ಸಂಜೆ ಮನೆಗೆ ಬಾ ಎಂದಷ್ಟೇ ಹೇಳಿ ಹೋದರು. ಹೋದಾಗ ಇಂಗ್ಲಿಷ್ ಪುಸ್ತಕ ತೆಗೆಯಲಿಲ್ಲ, ಒಬ್ಬ ಮನುಷ್ಯನ ಕಥೆ ಹೇಳಿದರು. ನಾಲ್ಕೈದು ಸಂಜೆ ಹೇಳಿದರು. ಆ ಮನುಷ್ಯ ಶ್ರೀನಿವಾಸ ರಾಮಾನುಜನ್. ಅವರ ಹೆಸರು ಕೇಳದವರು ನಮ್ಮೂರಲ್ಲಿ ಯಾರೂ ಇಲ್ಲ. ಅವರು ಹುಟ್ಟಿದ ಡಿಸೆಂಬರ್ 22ನ್ನು ರಾಷ್ಟ್ರೀಯ ಗಣಿತ ದಿನವೆಂದು ಶಾಲೆ ಶಾಲೆಯಲ್ಲೂ ಆಚರಿಸುತ್ತೇವೆ. ಆದರೆ ಅಂದಿನ ಭಾಷಣಗಳಲ್ಲಿ ಅವರ ಪ್ರತಿಭೆಯ ಮಾತೇ ಹೆಚ್ಚು, ಅವರು ಬಿದ್ದು ಎದ್ದ ಸಂಗತಿ ಕಡಿಮೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ರಾಮಾನುಜನ್ 1887ರಲ್ಲಿ ಈರೋಡಿನಲ್ಲಿ, ತಾಯಿಯ ತವರಿನಲ್ಲಿ ಹುಟ್ಟಿದರು. ಬೆಳೆದದ್ದು ಕುಂಭಕೋಣದಲ್ಲಿ. ನಮ್ಮ ಕೊಡಗಿನಲ್ಲಿ ಹುಟ್ಟುವ ಕಾವೇರಿ ಸಮುದ್ರ ಸೇರುವ ಮೊದಲು ಹಾದುಹೋಗುವ ದೇವಸ್ಥಾನಗಳ ಊರು ಅದು. ತಂದೆ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರು. ತಾಯಿ ಕೋಮಲತ್ತಮ್ಮಾಳ್ ಗುಡಿಯಲ್ಲಿ ಭಜನೆ ಹಾಡುತ್ತಿದ್ದರು. ಎರಡು ವರ್ಷದ ಮಗುವಾಗಿದ್ದಾಗ ಸಿಡುಬು ಬಂದು ಉಳಿದುಕೊಂಡರು. ಟೌನ್ ಹೈಸ್ಕೂಲಿನಲ್ಲಿ ಅವರೇ ಮುಂದು. 1904ರಲ್ಲಿ ಶಾಲೆ ಬಿಡುವಾಗ ಗಣಿತಕ್ಕೆ ಬಹುಮಾನ ಬಂತು, ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ವಿದ್ಯಾರ್ಥಿವೇತನವೂ ಸಿಕ್ಕಿತು. ಇಲ್ಲಿಯವರೆಗೆ ಯಾವ ತಂದೆತಾಯಿಯಾದರೂ ಹೆಮ್ಮೆಪಡುವ ಕಥೆ.

ಅದಕ್ಕೆ ಮೊದಲೇ ಕಾರ್ ಎಂಬ ಇಂಗ್ಲೆಂಡಿನ ಮೇಷ್ಟರೊಬ್ಬರು ಬರೆದ ಗಣಿತದ ಪುಸ್ತಕವೊಂದು ಹುಡುಗನ ಕೈಗೆ ಬಂದಿತ್ತು. ಸುಮಾರು 5000 ಸೂತ್ರ, ಪ್ರಮೇಯಗಳ ಪಟ್ಟಿಯಂತಿದ್ದ ಪುಸ್ತಕ. ವಿವರಣೆ ಬಹಳ ಕಡಿಮೆ. ಒಂದೊಂದನ್ನೂ ತಾನೇ ಸಾಧಿಸಿ ನೋಡಬೇಕೆಂಬ ಹುಚ್ಚು ಹಿಡಿಯಿತು. ಕಾಲೇಜಿನಲ್ಲಿ ಬೇರೆ ಯಾವ ಪಾಠವೂ ತಲೆಗೆ ಹತ್ತಲಿಲ್ಲ. ಇಂಗ್ಲಿಷಿನಲ್ಲಿ ನಪಾಸಾದರು, ವಿದ್ಯಾರ್ಥಿವೇತನ ಹೋಯಿತು. ಆ ಹಣವಿಲ್ಲದೆ ಫೀಜು ಕಟ್ಟುವ ಶಕ್ತಿ ಮನೆಯಲ್ಲಿ ಇರಲಿಲ್ಲ.

ಇಂಗ್ಲಿಷಿನಲ್ಲಿ ಎಂಬ ಮಾತು ಕೇಳಿದಾಗ ನಾನು ತಲೆ ಎತ್ತಿ ಮೇಷ್ಟ್ರ ಮುಖ ನೋಡಿದ್ದು ಇನ್ನೂ ನೆನಪಿದೆ.

1905ರ ಆಗಸ್ಟ್‌ನಲ್ಲಿ ಹದಿನೇಳರ ಆ ಹುಡುಗ ಯಾರಿಗೂ ಹೇಳದೆ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಓಡಿಹೋದರು. ಮಗ ಕಾಣೆಯಾಗಿದ್ದಾನೆಂದು ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಸುಮಾರು ಒಂದು ತಿಂಗಳಿಗೆ ಮನೆಗೆ ಮರಳಿದರು. ಮರುವರ್ಷ ಮದರಾಸಿನ ಪಚ್ಚೈಯಪ್ಪ ಕಾಲೇಜಿಗೆ ಸೇರಿದರು. ಗಣಿತದಲ್ಲಿ ಅಲ್ಲಿನ ಅಧ್ಯಾಪಕರೇ ಬೆರಗಾಗುವಂತೆ ಬಿಡಿಸುತ್ತಿದ್ದರು. ಆದರೆ ಶರೀರಶಾಸ್ತ್ರದಲ್ಲಿ ಅಂಕ ಬರಲಿಲ್ಲ. ನಡುವೆ ಕಾಯಿಲೆ ಬಿದ್ದು ಊರಿಗೆ ಬಂದರು. 1906ರ ಎಫ್.ಎ. ಪರೀಕ್ಷೆಯಲ್ಲಿ ನಪಾಸು. 1907ರಲ್ಲಿ ಖಾಸಗಿಯಾಗಿ ಕಟ್ಟಿ ಮತ್ತೆ ನಪಾಸು. ಕಾಲೇಜಿನ ಬಾಗಿಲು ಅಲ್ಲಿಗೆ ಮುಚ್ಚಿತು.

ಮುಂದಿನ ಎರಡು ಮೂರು ವರ್ಷ ಕೈಯಲ್ಲಿ ಪದವಿಯಿಲ್ಲ, ಕೆಲಸವಿಲ್ಲ. ಸಾರಂಗಪಾಣಿ ಗುಡಿಯ ಬೀದಿಯಲ್ಲಿದ್ದ ಪುಟ್ಟ ಮನೆಯ ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಲೆಕ್ಕ ಮಾಡುತ್ತಿದ್ದರು. ಕಾಗದ ದುಬಾರಿ. ಸ್ಲೇಟಿನ ಮೇಲೆ ಬರೆದು, ಮೊಳಕೈಯಿಂದ ಒರೆಸಿ, ಕೊನೆಯ ಉತ್ತರ ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಬೀದಿಯಲ್ಲಿ ಹೋಗುವವರಿಗೆ ಅವರು ಹೇಗೆ ಕಂಡಿರಬೇಕು? ಓದಿ ಕೆಟ್ಟ ಹುಡುಗನ ಹಾಗೆ. ಹಳ್ಳಿಯಲ್ಲಿ ಜಗಲಿಯ ಮೇಲೆ ಕೂರುವ ವಯಸ್ಸಿಗೆ ಬಂದ ಗಂಡುಮಗನಿಗೆ ಯಾವ ಮಾತು ಬೀಳುತ್ತದೆ ಎಂಬುದು ನಮಗೆಲ್ಲ ಗೊತ್ತು.

1909ರಲ್ಲಿ ಮದುವೆಯಾಯಿತು. ಹೆಂಡತಿ ಜಾನಕಿಗೆ ಆಗಿನ ಕಾಲದ ಪದ್ಧತಿಯಂತೆ ಹತ್ತೇ ವರ್ಷ. ಮರುವರ್ಷದ ಆರಂಭದಲ್ಲಿ ಒಂದು ಶಸ್ತ್ರಚಿಕಿತ್ಸೆ ಮಾಡಿಸಬೇಕಾಯಿತು. ಮನೆಯಲ್ಲಿ ಹಣವಿರಲಿಲ್ಲ. ಒಬ್ಬ ವೈದ್ಯರು ದುಡ್ಡು ಮುಟ್ಟದೆ ಮಾಡಿಕೊಟ್ಟರು. ಗಾಯ ಮಾಗಿದ ಮೇಲೆ ರಾಮಾನುಜನ್ ನೋಟ್‌ಬುಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಲಸ ಕೇಳಲು ಹೊರಟರು. ಮೂರು ಸಲ ಬೇಡವೆನಿಸಿಕೊಂಡವನಿಗೆ ನಾಲ್ಕನೆಯ ಬಾಗಿಲು ತಟ್ಟುವುದು ಎಷ್ಟು ಕಷ್ಟ ಎಂಬುದು ತಟ್ಟಿದವರಿಗೇ ಗೊತ್ತು. ನನ್ನ ಮಟ್ಟಿಗೆ ಅವರ ಜೀವನದ ದೊಡ್ಡ ಸಾಹಸ ಇದೇ.

ತಿರುಕ್ಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರಾಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರನ್ನು ಕಂಡು, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ ಕೆಲಸ ಕೇಳಿದರು. ಅಯ್ಯರ್ ಭಾರತೀಯ ಗಣಿತ ಸಂಘವನ್ನು ಕಟ್ಟಿದವರು. ನೋಟ್‌ಬುಕ್ ತಿರುವಿದ ಅವರು, ಇಂಥವನನ್ನು ಕಂದಾಯದ ಕಡತಗಳ ನಡುವೆ ಕೂರಿಸಿ ಹಾಳುಮಾಡಬಾರದೆಂದು ಮದರಾಸಿನ ಸ್ನೇಹಿತರಿಗೆ ಪತ್ರ ಕೊಟ್ಟು ಕಳಿಸಿದರು. ಹಾಗೆ ಒಬ್ಬರಿಂದ ಒಬ್ಬರಿಗೆ ದಾಟಿ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ಅವರ ಬಳಿ ಬಂದರು. ರಾವ್ ಮೊದಲು ನಂಬಲಿಲ್ಲ. ಕೂರಿಸಿಕೊಂಡು ಕೇಳುತ್ತಾ ಹೋದ ಹಾಗೆ ನಂಬಿಕೆ ಬಂತು. ತಿಂಗಳಿಗೆ 25 ರೂಪಾಯಿ ತಮ್ಮ ಕೈಯಿಂದ ಕೊಡತೊಡಗಿದರು. 1911ರಲ್ಲಿ ಗಣಿತ ಸಂಘದ ಪತ್ರಿಕೆಯಲ್ಲಿ ಬರ್ನೌಲಿ ಸಂಖ್ಯೆಗಳನ್ನು ಕುರಿತ ಅವರ ಮೊದಲ ಲೇಖನ ಅಚ್ಚಾಯಿತು. ಇಂಟರ್‌ಮೀಡಿಯೆಟ್ ಕೂಡ ಮುಗಿಸದವನ ಹೆಸರು ವಿದ್ವಾಂಸರ ಪತ್ರಿಕೆಯಲ್ಲಿ!

ಎಷ್ಟು ದಿನ ಇನ್ನೊಬ್ಬರ ಹಣ ತಿನ್ನುವುದೆಂದು ಅವರು 1912ರ ಮಾರ್ಚ್ 1ರಂದು ಮದರಾಸು ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತರಾದರು. ಅಲ್ಲಿ ಮೇಲಧಿಕಾರಿಯಾಗಿದ್ದ ನಾರಾಯಣ ಅಯ್ಯರ್ ಸ್ವತಃ ಗಣಿತ ಬಲ್ಲವರು. ಕಚೇರಿ ಮುಗಿದ ಮೇಲೆ ಇಬ್ಬರೂ ರಾತ್ರಿಯವರೆಗೆ ಸ್ಲೇಟು ಹಿಡಿದು ಕೂರುತ್ತಿದ್ದರು. ಹಿತೈಷಿಗಳ ಒತ್ತಾಸೆಯಿಂದ ಕೇಂಬ್ರಿಜ್‌ನ ಪ್ರಾಧ್ಯಾಪಕರಿಗೆ ಪತ್ರ ಬರೆದರು. ಇಬ್ಬರಿಂದ ಸಹಾಯ ಸಿಗಲಿಲ್ಲ. 1913ರ ಜನವರಿ 16ರಂದು ಮೂರನೆಯವರಿಗೆ, ಜಿ.ಎಚ್. ಹಾರ್ಡಿ ಅವರಿಗೆ ಬರೆದರು. ತಾನು ಬಡ ಗುಮಾಸ್ತ, ವಿಶ್ವವಿದ್ಯಾಲಯದ ಓದು ಇಲ್ಲದವನು ಎಂದು ಮುಚ್ಚುಮರೆಯಿಲ್ಲದೆ ತಿಳಿಸಿ, ಪುಟಗಟ್ಟಲೆ ಸೂತ್ರಗಳನ್ನು ಜೊತೆಗಿಟ್ಟರು. ಹಾರ್ಡಿ ಗೆಳೆಯ ಲಿಟಲ್‌ವುಡ್ ಜೊತೆ ಕೂತು ಅವನ್ನು ಪರೀಕ್ಷಿಸಿ, ಇದು ಅಸಾಮಾನ್ಯನ ಕೆಲಸವೆಂದು ಮನಗಂಡರು. ಅದರ ಬೆನ್ನಲ್ಲೇ ಮದರಾಸು ವಿಶ್ವವಿದ್ಯಾಲಯ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. 1914ರ ಮಾರ್ಚ್ 17ರಂದು ರಾಮಾನುಜನ್ ಹಡಗು ಹತ್ತಿದರು.

ನಮ್ಮ ಮೇಷ್ಟ್ರು ಕಥೆಯನ್ನು ಇಲ್ಲಿಗೆ ನಿಲ್ಲಿಸಿದರು. ನಪಾಸಾದವನು ಕೇಂಬ್ರಿಜ್ ಸೇರಿದ ಎಂಬುದು ನನಗೆ ಸಾಕಾಯಿತು. ಇಂಗ್ಲಿಷ್ ಪುಸ್ತಕ ಮತ್ತೆ ತೆಗೆದೆ, ಅಪ್ಪನ ಹತ್ತಿರ ಫೀಜಿಗೆ ಕೈ ಚಾಚುವ ಧೈರ್ಯ ಬಂತು, ಸೆಪ್ಟೆಂಬರ್ ಪರೀಕ್ಷೆ ಕಟ್ಟಿ ಪಾಸಾದೆ. ಟಿ.ಸಿ.ಎಚ್. ಮುಗಿಸಿ ಪ್ರಾಥಮಿಕ ಶಾಲೆಯ ಮೇಷ್ಟ್ರಾದೆ. ಕಥೆಯ ಉಳಿದ ಅರ್ಧವನ್ನು ನಾನು ಓದಿದ್ದು ಬಹಳ ವರ್ಷಗಳ ನಂತರ. ಹೆಚ್ಚು ಕಲಿಸಿದ್ದು ಆ ಅರ್ಧವೇ.

ಇಂಗ್ಲೆಂಡಿಗೆ ಹೋದ ಕೆಲವೇ ತಿಂಗಳಲ್ಲಿ ಮೊದಲನೆಯ ಮಹಾಯುದ್ಧ ಶುರುವಾಯಿತು. ಶುದ್ಧ ಸಸ್ಯಾಹಾರಿಯಾದ ರಾಮಾನುಜನ್ ಚಳಿಯ ನಾಡಿನಲ್ಲಿ ತಾವೇ ಅಡುಗೆ ಮಾಡಿಕೊಂಡು, ಹೊತ್ತುಗೊತ್ತಿಲ್ಲದೆ ಉಂಡು, ರಾತ್ರಿಯೆಲ್ಲ ಕೆಲಸ ಮಾಡಿದರು. 1916ರಲ್ಲಿ ಸಂಶೋಧನೆಗಾಗಿ ಕೇಂಬ್ರಿಜ್ ಅವರಿಗೆ ಬಿ.ಎ. ಪದವಿ ಕೊಟ್ಟಿತು. ಎಂಟು ವರ್ಷ ಹಿಂದೆ ಕೈತಪ್ಪಿದ ಪದವಿ ಹೀಗೆ ಬಂತು. ಆದರೆ 1917ರಲ್ಲಿ ಆರೋಗ್ಯ ಕುಸಿಯಿತು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದಾಟ. ಬಾಯಿಗೆ ಹಿಡಿಸುವ ಅನ್ನವಿಲ್ಲ. ಅತ್ತೆ ಸೊಸೆಯರ ನಡುವಿನ ಬಿರುಕಿನಲ್ಲಿ ಹೆಂಡತಿಯ ಪತ್ರಗಳೂ ಕೈ ಸೇರಲಿಲ್ಲ. ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆಗುವ ಅವಕಾಶವೂ ತಪ್ಪಿತು. ಮನಸ್ಸು ಎಷ್ಟು ಕುಗ್ಗಿತೆಂದರೆ, ಒಂದು ದಿನ ಲಂಡನ್ನಿನಲ್ಲಿ ಅವರು ತಮ್ಮ ಜೀವವನ್ನೇ ಕಳೆದುಕೊಳ್ಳಲು ಹೊರಟರು. ಅದೃಷ್ಟವಶಾತ್ ಉಳಿದರು. ಹಾರ್ಡಿ ಬಂದು ಅವರ ಪರವಾಗಿ ನಿಂತರು.

ಇದನ್ನು ಮೊದಲ ಸಲ ಓದಿದಾಗ ನನಗೆ ಪುಸ್ತಕ ಮುಂದೆ ಓದಲಾಗಲಿಲ್ಲ. ಕುಂಭಕೋಣದ ಜಗಲಿಯ ಮೇಲೆ ಏನೂ ಇಲ್ಲದಿದ್ದಾಗ ಕುಗ್ಗದವರು, ಎಲ್ಲ ಸಿಕ್ಕಿದ ಮೇಲೆ ಹೇಗೆ ಕುಗ್ಗಿದರು? ಯೋಚಿಸಿದಾಗ ಒಂದು ತಿಳಿಯಿತು. ಜಗಲಿಯ ಮೇಲಿದ್ದಾಗ ಒಳಗೆ ತಾಯಿ ಇದ್ದಳು, ತಟ್ಟೆಗೆ ಅನ್ನ ಬೀಳುತ್ತಿತ್ತು, ಮಾತಿಗೆ ಜನವಿತ್ತು. ಅಲ್ಲಿ ಕಾಯಿಲೆಯ ಹಾಸಿಗೆಯಲ್ಲಿ ಒಂಟಿಯಾಗಿದ್ದರು. ಧೈರ್ಯ ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿ ಬೀಗ ಹಾಕಿಡುವ ಒಡವೆಯಲ್ಲ. ಬಾವಿಯ ನೀರಿನ ಹಾಗೆ ಅದು ಬತ್ತುತ್ತದೆ, ಮತ್ತೆ ಒಸರುತ್ತದೆ. ಬತ್ತಿದ ದಿನಗಳಲ್ಲಿ ಪಕ್ಕದಲ್ಲಿ ಯಾರಾದರೂ ಇರಬೇಕು.

ಮತ್ತೆ ಒಸರಿತು. 1918ರಲ್ಲಿ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಅಕ್ಟೋಬರ್‌ನಲ್ಲಿ ಟ್ರಿನಿಟಿ ಕಾಲೇಜೂ ಆರಿಸಿತು. ಆ ಕಾಲೇಜಿನ ಫೆಲೋ ಆದ ಮೊದಲ ಭಾರತೀಯ ಅವರೇ. ಬೇಡವೆಂದವರೇ ಬಾ ಎಂದರು. ಕಾಯಿಲೆ ಪೂರ್ತಿ ಹೋಗದಿದ್ದರೂ ಸ್ಲೇಟಿನ ಕೆಲಸ ಮತ್ತೆ ಶುರುವಾಯಿತು. ಅವರ ಅತಿ ಸುಂದರವಾದ ಕೆಲವು ಪ್ರಮೇಯಗಳು ಈ ಚೇತರಿಕೆಯ ಕಾಲದವೇ.

1919ರ ಜನವರಿಯಲ್ಲಿ ಅವರು ಬರೆದ ಒಂದು ಪತ್ರದ ವಿಷಯ ನಮ್ಮ ಶಾಲೆಯ ಮಕ್ಕಳಿಗೆಲ್ಲ ತಿಳಿಯಬೇಕು. ಮದರಾಸು ವಿಶ್ವವಿದ್ಯಾಲಯ ಅವರಿಗೆ ವರ್ಷಕ್ಕೆ 250 ಪೌಂಡು ಕೊಡಲು ತೀರ್ಮಾನಿಸಿತ್ತು. ರಾಮಾನುಜನ್ ವಂದನೆ ತಿಳಿಸಿ, ಅದು ತಮಗೆ ಹೆಚ್ಚಾಯಿತೆಂದರು. ತಂದೆತಾಯಿಗೆ 50 ಪೌಂಡು ಸೇರಿದಂತೆ ತಮ್ಮ ಅಗತ್ಯದ ಖರ್ಚು ಕಳೆದು ಉಳಿದದ್ದನ್ನು ಬಡ ಹುಡುಗರ, ಅನಾಥರ ಶಾಲಾ ಫೀಜು ಕಡಿಮೆ ಮಾಡಲು ಮತ್ತು ಶಾಲೆಗಳಿಗೆ ಪುಸ್ತಕ ಒದಗಿಸಲು ಬಳಸಬೇಕೆಂದು ಕೋರಿದರು. ಫೀಜಿಲ್ಲದೆ ಕಾಲೇಜು ಬಿಟ್ಟವರು ಕಾಯಿಲೆಯ ನಡುವೆಯೂ ಅದನ್ನು ಮರೆತಿರಲಿಲ್ಲ. ನೋವು ಮನುಷ್ಯನನ್ನು ಕಹಿ ಮಾಡಬಹುದು, ಮೆದುವೂ ಮಾಡಬಹುದು. ಅವರನ್ನು ಮೆದು ಮಾಡಿತು.

1919ರ ಮಾರ್ಚ್ 27ರಂದು ಬೊಂಬಾಯಿಗೆ ಬಂದಿಳಿದರು. ಕೊನೆಯ ವರ್ಷ ಜಾನಕಿಯವರೇ ಹಗಲಿರುಳು ಆರೈಕೆ ಮಾಡಿದರು. ಹಾಸಿಗೆಯ ಮೇಲೆಯೇ ಹೊಸ ಗಣಿತ ಹುಟ್ಟುತ್ತಿತ್ತು. 1920ರ ಜನವರಿಯಲ್ಲಿ ಹಾರ್ಡಿಗೆ ಬರೆದ ಕೊನೆಯ ಪತ್ರದಲ್ಲಿ ಯಾರೂ ಕಾಣದ ಒಂದು ಬಗೆಯ ಫಲನಗಳನ್ನು ವಿವರಿಸಿದರು. ಏಪ್ರಿಲ್ 26ರಂದು ತೀರಿಕೊಂಡರು. ವಯಸ್ಸು 32. ಆ ಕೊನೆಯ ವರ್ಷದ ಹಾಳೆಗಳು 1976ರಲ್ಲಿ ಟ್ರಿನಿಟಿಯ ಗ್ರಂಥಾಲಯದಲ್ಲಿ ಸಿಕ್ಕವು. 600ಕ್ಕೂ ಹೆಚ್ಚು ಸೂತ್ರಗಳು ಅವುಗಳಲ್ಲಿವೆ.

ಜಾನಕಿಯವರ ಮಾತು ಹೇಳದೆ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಇಪ್ಪತ್ತೊಂದಕ್ಕೆ ವಿಧವೆಯಾದವರು, ಮಕ್ಕಳಿಲ್ಲ. ಆ ಕಾಲದಲ್ಲಿ ಅಂಥ ಹೆಣ್ಣಿನ ಬಾಳು ಅಲ್ಲಿಗೆ ಮುಗಿಯಿತೆಂದೇ ಲೆಕ್ಕ. ಅವರು ಬೊಂಬಾಯಿಯ ಅಣ್ಣನ ಮನೆಯಲ್ಲಿದ್ದು ಹೊಲಿಗೆ ಕಲಿತರು. ಮದರಾಸಿಗೆ ಮರಳಿ ತಿರುವಲ್ಲಿಕ್ಕೇಣಿಯಲ್ಲಿ ಬಟ್ಟೆ ಹೊಲಿದು ಸ್ವಂತ ಕಾಲ ಮೇಲೆ ನಿಂತರು. ಒಬ್ಬ ಹುಡುಗನನ್ನು ಸಾಕಿ ಓದಿಸಿದರು. 1994ರವರೆಗೆ ಬದುಕಿದರು. ಅವರು ಯಾವ ಸೊಸೈಟಿಯ ಫೆಲೋ ಆಗಲಿಲ್ಲ, ಆದರೆ ಬಿದ್ದು ಎದ್ದವರ ಸಾಲಿನಲ್ಲಿ ಗಂಡನ ಪಕ್ಕದಲ್ಲೇ ಕೂರಬೇಕಾದವರು.

ನಪಾಸಾದ ಹುಡುಗರು ಈಗಲೂ ರಾಮಾನುಜನ್ ಕೂಡ ನಪಾಸಾಗಿದ್ದರಲ್ಲ ಸಾರ್ ಎನ್ನುತ್ತಾರೆ. ನಿಜ, ಆದರೆ ಅವರು ಸ್ಲೇಟು ಕೆಳಗಿಡಲಿಲ್ಲ ಎಂಬುದನ್ನೂ ಸೇರಿಸಿ ಹೇಳುತ್ತೇನೆ. ದೊಡ್ಡವರಿಗೆ ಹೇಳುವುದು ಬೇರೆ. ರಾಮಾನುಜನ್ ಅವರೊಬ್ಬರ ಬಲದಿಂದ ಎದ್ದದ್ದಲ್ಲ. ದುಡ್ಡು ಮುಟ್ಟದ ವೈದ್ಯರು, ನೋಟ್‌ಬುಕ್ ತೆರೆದು ನೋಡಿದ ಅಧಿಕಾರಿ, 25 ರೂಪಾಯಿ ಕೊಟ್ಟ ಕಲೆಕ್ಟರು, ಪತ್ರವನ್ನು ಕಸದಬುಟ್ಟಿಗೆ ಹಾಕದ ಪ್ರೊಫೆಸರು, ಇವರಲ್ಲಿ ಒಬ್ಬರು ತಪ್ಪಿದ್ದರೂ ಆ ಸ್ಲೇಟು ಜಗಲಿಯ ಮೇಲೆಯೇ ಉಳಿಯುತ್ತಿತ್ತೋ ಏನೋ.

ನನ್ನ ಪಾಲಿಗೆ ಹೊಲದ ಬದುವಿನವರೆಗೆ ನಡೆದು ಬಂದ ಮೇಷ್ಟ್ರಿದ್ದರು. ಅವರು ಈಗ ಇಲ್ಲ. ನಾನು ನಿವೃತ್ತನಾದ ಮೇಲೂ ಫಲಿತಾಂಶದ ದಿನ ಸಂಜೆ ಪಾಸಾದವರ ಮನೆಗೆ ಹೋಗುವುದಿಲ್ಲ, ಅಲ್ಲಿಗೆ ಹೋಗುವವರು ಬೇಕಾದಷ್ಟು ಜನರಿದ್ದಾರೆ. ನಂಬರು ಸಿಗದವರ ಮನೆಗೆ ಹೋಗಿ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಐವತ್ತು ತುಂಬಿದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಫಲಿತಾಂಶದ ದಿನ ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇರುತ್ತದೆ. ಹೋಗಿ ಬನ್ನಿ.